ಎಳೆಯರ ಕೈಗೆ ಮೊದಲ ಪುಸ್ತಕ

ಶ್ರಾವಕರ ಮನೆಗಳಲ್ಲಿ ಶಾಸ್ತ್ರಗ್ರಂಥಗಳನ್ನು ವಸ್ತ್ರದಲ್ಲಿ ಸುತ್ತಿ ಎತ್ತರದ ಮಾಡದಲ್ಲಿ ಇರಿಸುವ ರೂಢಿ ಹಿಂದಿನಿಂದ ಬಂದದ್ದು. ಗ್ರಂಥವನ್ನು ನೆಲದ ಮೇಲೆ ಇಡಬಾರದು, ಅದಕ್ಕೆ ಕಾಲು ತಾಗಬಾರದು, ತೊಳೆಯದ ಕೈಯಿಂದ ಮುಟ್ಟಬಾರದು ಎಂಬ ಕಟ್ಟಳೆಗಳ ಹಿಂದೆ ಜಿನವಾಣಿಯ ಮೇಲಿನ ಭಕ್ತಿ ಇದೆ. ಆದರೆ ಅದೇ ಮನೆಯ ಐದು ವರ್ಷದ ಮಗು ಆ ಮಾಡದ ಕಡೆಗೆ ಕೈ ಚಾಚಿದಾಗ ಕೇಳುವ ಮಾತು 'ಮುಟ್ಟಬೇಡ, ಹರಿದೀಯೆ' ಎಂಬುದು. ಪುಸ್ತಕದ ವಿಷಯವಾಗಿ ಮಗು ಮನೆಯಲ್ಲಿ ಕೇಳುವ ಮೊದಲ ಮಾತು ಇದಾದರೆ ಅದರ ಪರಿಣಾಮವೇನು ಎಂಬುದನ್ನು ಹಿರಿಯರು ವಿಚಾರಿಸುವುದು ಕಡಿಮೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ, ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಆರು ಕಾರಣಗಳನ್ನು ಹೇಳುತ್ತದೆ. ಅವುಗಳಲ್ಲಿ ಮಾತ್ಸರ್ಯ, ಅಂತರಾಯ, ಆಸಾದನ ಎಂಬ ಮೂರಕ್ಕೆ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಅರ್ಥ ಗಮನಾರ್ಹವಾಗಿದೆ. ಕೊಡಲು ಯೋಗ್ಯವಾದ ಜ್ಞಾನವನ್ನು ಕೊಡದಿರುವುದು ಮಾತ್ಸರ್ಯ. ಜ್ಞಾನಕ್ಕೆ ತಡೆಯೊಡ್ಡುವುದು ಅಂತರಾಯ. ಇನ್ನೊಬ್ಬರಿಂದ ಪ್ರಕಟವಾಗಬೇಕಾದ ಜ್ಞಾನವನ್ನು ಕಾಯದಿಂದಲೂ ಮಾತಿನಿಂದಲೂ ನಿವಾರಿಸುವುದು ಆಸಾದನ. ಲೋಕರೂಢಿಯಲ್ಲಿ ಶ್ರುತಕ್ಕೆ ಮಾಡುವ ಅವಿನಯವೆಂದರೆ ಹರಿದ ಪುಟ, ತಾಗಿದ ಕಾಲು ಎಂಬಷ್ಟಕ್ಕೇ ಅರ್ಥ ನಿಂತಿದೆ. ಆಚಾರ್ಯರ ದೃಷ್ಟಿಯಲ್ಲಾದರೋ ತಡೆದ ಪುಸ್ತಕವೂ ಲೆಕ್ಕಕ್ಕೆ ಬರುತ್ತದೆ. ಹಿರಿಯರ ಭಾವ ದ್ವೇಷದ್ದಲ್ಲವಾದ್ದರಿಂದ ಅವರ ಮೇಲೆ ದೋಷ ಹೊರಿಸುವುದು ಸಲ್ಲದು. ಆದರೂ ಎಳೆಯರಿಗೆ ಮೊದಲ ಪುಸ್ತಕವನ್ನು ಯಾರು, ಯಾವಾಗ, ಹೇಗೆ ಆರಿಸಿ ಕೊಡಬೇಕು ಎಂಬ ಪ್ರಶ್ನೆ ಇದರಿಂದ ಧರ್ಮದ ಪ್ರಶ್ನೆಯೇ ಆಗುತ್ತದೆ. ಮಕ್ಕಳಿಗೆ ಮನೆಯಲ್ಲಿಯೇ ಓದು ಕಲಿಸುವ ತಾಯಿತಂದೆಯರಿಗೆ ಇದು ದಿನನಿತ್ಯದ ಪ್ರಶ್ನೆ.

ಆದಿದೇವನ ಪಾಠಶಾಲೆ

ಜೈನ ಪುರಾಣದ ಪ್ರಕಾರ ಈ ಯುಗದ ಮೊದಲ ಪಾಠಶಾಲೆ ಒಂದು ಮನೆ. ಅಲ್ಲಿಯ ಗುರು ತಂದೆ, ಶಿಷ್ಯರು ಇಬ್ಬರು ಹೆಣ್ಣುಮಕ್ಕಳು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಜಿನಸೇನಾಚಾರ್ಯರು ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ವೃಷಭದೇವನು ಬ್ರಾಹ್ಮಿ, ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಚಿನ್ನದ ಹಲಗೆಯ ಮೇಲೆ ಬಲಗೈಯಿಂದ ಅಕ್ಷರಗಳನ್ನೂ ಎಡಗೈಯಿಂದ ಅಂಕಿಗಳನ್ನೂ ಬರೆದು ತೋರಿಸಿದನು. ಭರತಾದಿ ಗಂಡುಮಕ್ಕಳಿಗೆ ವಿದ್ಯೆ ಹೇಳಿದ ಪ್ರಸಂಗ ಇದಾದ ಮೇಲೆ ಬರುತ್ತದೆ. ಕ್ರಿ.ಶ. 941ರಲ್ಲಿ ಪಂಪನ ಆದಿಪುರಾಣವು ಈ ಪುರಾಣಕಥೆಯನ್ನು ಕನ್ನಡಿಗರ ಮನೆಮಾತಾಗಿಸಿತು. ಬ್ರಾಹ್ಮೀ ಲಿಪಿಗೆ ಆ ಹೆಸರು ಬಂದದ್ದು ಆದಿದೇವನ ಹಿರಿಯ ಮಗಳಿಂದ ಎಂಬುದು ಜೈನರ ನಂಬಿಕೆ.

ಜಿನಸೇನರು ಇದನ್ನು ಕಥೆಯಾಗಿ ಮಾತ್ರ ಬಿಡಲಿಲ್ಲ. ಗೃಹಸ್ಥನ ಬಾಳಿನ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳುವಾಗ 13ನೆಯದಾಗಿ ಲಿಪಿಸಂಖ್ಯಾನ ಕ್ರಿಯೆಯನ್ನು ಇರಿಸಿದರು. ಮಗುವಿನ ಐದನೆಯ ವರ್ಷದಲ್ಲಿ ಅಕ್ಷರದರ್ಶನ ಮಾಡಿಸಬೇಕು. ಅದನ್ನು ಮಾಡಿಸುವ ಉಪಾಧ್ಯಾಯನು ಓದಿಕೊಂಡವನೂ ವ್ರತಸ್ಥನೂ ಆದ ಗೃಹಸ್ಥನಾಗಿರಬೇಕು ಎಂಬುದು ಅವರ ವಿಧಿ. ಅಕ್ಷರಾಭ್ಯಾಸದ ಮೊದಲ ಹೊಣೆಯನ್ನು ಮುನಿಗಳಿಗಾಗಲಿ ಅರಸರಿಗಾಗಲಿ ವಹಿಸದೆ ಗೃಹಸ್ಥಧರ್ಮದ ಒಳಗೆ ಇರಿಸಿದ್ದು ಇಲ್ಲಿ ಮುಖ್ಯ.

ಓನಾಮದ ಕಥೆ

ಆದಿಪುರಾಣದ ವರ್ಣನೆಯಲ್ಲಿ ಅಕ್ಷರಮಾಲೆ ಆರಂಭವಾಗುವುದು ಸಿದ್ಧರಿಗೆ ನಮಸ್ಕಾರದಿಂದ. ದಖ್ಖಣದ ಹಳೆಯ ಮಠಗಳಲ್ಲಿಯೂ ಗಾವಠಿ ಶಾಲೆಗಳಲ್ಲಿಯೂ ಮಕ್ಕಳು 'ಓಂ ನಮಃ ಸಿದ್ಧಂ' ಎಂದೇ ಬರೆಯಲು ತೊಡಗುತ್ತಿದ್ದರು. ಕನ್ನಡದ 'ಓನಾಮ', ಮರಾಠಿಯ 'ಓನಾಮಾ', ತೆಲುಗಿನ 'ಓನಮಾಲು' ಎಂಬ ಪದಗಳು ಆ ನಮಸ್ಕಾರದ ಉಳಿಕೆಗಳು. 'ಸಿದ್ಧಂ' ಎಂದು ಆರಂಭಿಸುವ ಪದ್ಧತಿ ಜೈನರಿಗಷ್ಟೇ ಸೀಮಿತವಾಗಿರಲಿಲ್ಲ. ಏಳನೆಯ ಶತಮಾನದ ಕೊನೆಗೆ ಭಾರತದಲ್ಲಿದ್ದ ಚೀನೀ ಯಾತ್ರಿಕ ಇತ್ಸಿಂಗ್, ಇಲ್ಲಿಯ ಮಕ್ಕಳು ಆರನೆಯ ವರ್ಷದಲ್ಲಿ 'ಸಿದ್ಧಂ' ಎಂಬ ಮೊದಲ ಪುಸ್ತಕವನ್ನು ಹಿಡಿದು ಆರು ತಿಂಗಳಲ್ಲಿ ಮುಗಿಸುವರೆಂದು ಬರೆದಿಟ್ಟಿದ್ದಾನೆ.

ಕಾಲ ಕಳೆದಂತೆ ಈ ನಮಸ್ಕಾರಕ್ಕೆ ಒದಗಿದ ಗತಿ ಪಾಲಕರಿಗೆ ಒಂದು ಪಾಠ. ಮೂರು ಪದಗಳ ಗೆರೆ 'ಓ ನಾ ಮಾ ಸೀ ಧಂ' ಎಂದು ಬಿಡಿಬಿಡಿ ಸದ್ದುಗಳಾಗಿ ಒಡೆಯಿತು. ಬರೆಯುವ ಮಗುವಿಗೆ ಸಿದ್ಧರು ಯಾರೆಂದು ತಿಳಿಯದು, ಬರೆಯಿಸುವ ಅಯ್ಯನವರಿಗೂ ಅದು ನಮಸ್ಕಾರವೆಂಬ ನೆನಪಿಲ್ಲ. ಅರ್ಥ ಜಾರಿದ ಮೇಲೆ ಉಳಿದದ್ದು ಬೆತ್ತದ ಭಯ ಮತ್ತು ಮಕ್ಕಳು ತಮ್ಮೊಳಗೆ ಮಾಡಿಕೊಳ್ಳುವ ಗೇಲಿ. ಪವಿತ್ರವಾದ ಮಾತನ್ನೇ ಮೊದಲ ಪಾಠವಾಗಿ ಕೊಟ್ಟರೂ ಅರ್ಥವನ್ನು ಜೊತೆಗೆ ಕೊಡದಿದ್ದರೆ ಪಾವಿತ್ರ್ಯವೂ ಉಳಿಯುವುದಿಲ್ಲ, ಪಾಠವೂ ಉಳಿಯುವುದಿಲ್ಲ.

ತತ್ತ್ವಾರ್ಥಸೂತ್ರವೇ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯದ ಐದು ಅಂಗಗಳನ್ನು ಹೇಳಿದೆ. ಮೊದಲು ವಾಚನ, ಬಳಿಕ ಪೃಚ್ಛನೆ, ಅನಂತರ ಅನುಪ್ರೇಕ್ಷೆ, ನಾಲ್ಕನೆಯದು ಆಮ್ನಾಯ, ಕೊನೆಯದು ಧರ್ಮೋಪದೇಶ. ಓದಿದ ಕೂಡಲೇ ಕೇಳುವುದು ಎರಡನೆಯ ಸ್ಥಾನದಲ್ಲಿದೆ. ಉರು ಹಾಕಿ ಒಪ್ಪಿಸುವುದಕ್ಕೆ ನಾಲ್ಕನೆಯ ಸ್ಥಾನ. ಮಗುವಿನ ಮೊದಲ ಪುಸ್ತಕ ಪ್ರಶ್ನೆ ಕೇಳಿಸುವಂಥದ್ದಾಗಿರಬೇಕೆಂಬ ಸೂಚನೆಯನ್ನು ಈ ಅನುಕ್ರಮದಲ್ಲಿ ಕಾಣಬಹುದು.

ಘಟಪ್ರಭೆಯ ಸೀಮೆಯಲ್ಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಾಗನೂರದಂಥ ಊರುಗಳಲ್ಲಿ ಈ ಪ್ರಶ್ನೆಗೆ ಭಾಷೆಯದೊಂದು ತೊಡಕು ಸೇರಿಕೊಂಡಿದೆ. ಈ ನಾಡು ಜೈನ ಅಕ್ಷರಪರಂಪರೆಗೆ ಹೊಸದಲ್ಲ. ಸವದತ್ತಿಯ ರಟ್ಟರು ಇಲ್ಲಿ ಆಳಿದರು. ಗೋಕಾಕದ ಹತ್ತಿರದ ಕೊಣ್ಣೂರಿನಲ್ಲಿ ಆ ಕಾಲದ ಜೈನ ಶಾಸನಗಳಿವೆ. ರಟ್ಟರ ಆಶ್ರಯದಲ್ಲಿ ನೇಮಿಚಂದ್ರ, ಪಾರ್ಶ್ವಪಂಡಿತರಂಥ ಕನ್ನಡ ಕವಿಗಳು ಬಾಳಿದರು. ಬಸದಿಯ ಪೂಜೆ ನಡೆಸುವವರನ್ನು ಇಲ್ಲಿ 'ಉಪಾಧ್ಯೆ' ಎಂದು ಕರೆಯುವ ವಾಡಿಕೆ. ಕಲಿಸುವವನು ಎಂಬ ಮೂಲ ಅರ್ಥ ಆ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗ ಮುಂಬಯಿ ಇಲಾಖೆಗೆ ಸೇರಿತ್ತು. ಸರಕಾರಿ ಶಾಲೆಗಳು ಆರಂಭವಾದಾಗ ಕನ್ನಡ ಮನೆಮಾತಿನ ಮಕ್ಕಳ ಕೈಗೂ ಬಂದದ್ದು ಮರಾಠಿ ಪುಸ್ತಕ. ಮನೆಯಲ್ಲಿ ಒಂದು ನುಡಿ, ಪುಸ್ತಕದಲ್ಲಿ ಇನ್ನೊಂದು ನುಡಿ ಎಂಬ ಸ್ಥಿತಿಯಲ್ಲಿ ಎಷ್ಟೋ ಮಕ್ಕಳ ಓದು ಅಕ್ಷರದ ಹಂತದಲ್ಲಿಯೇ ನಿಂತಿತು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಊರೂರಿಗೆ ಹೋಗಿ ಕನ್ನಡ ಶಾಲೆಗಳನ್ನು ತೆರೆಯಿಸಲು, ಕನ್ನಡ ಶಿಕ್ಷಕರನ್ನು ತಯಾರು ಮಾಡಲು ದುಡಿದರು. ವಿದ್ಯಾ ಇಲಾಖೆಯ ಅಧಿಕಾರಿ ರಸೆಲ್ ಅವರಿಗೆ ಬೆಂಬಲವಾಗಿ ನಿಂತರು. ಮಗುವಿನ ಮೊದಲ ಪುಸ್ತಕ ಅದರ ಮನೆಮಾತಿನಲ್ಲಿ ಇರಬೇಕೆಂಬ ತತ್ತ್ವಕ್ಕಾಗಿ ಈ ಸೀಮೆಯಲ್ಲಿ ನಡೆದ ಹೋರಾಟವದು.

ಜೈನ ಸಮಾಜದಲ್ಲಿ ಆ ಹೊತ್ತಿಗೆ ಶಿಕ್ಷಣದ ಅರಿವು ಬೆಳೆಯತೊಡಗಿತ್ತು. 1899ರಲ್ಲಿ ನಿಪ್ಪಾಣಿಯ ಹತ್ತಿರದ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಜೈನ ವಿದ್ಯಾರ್ಥಿಗಳ ವಸತಿಗೃಹಗಳು ಅದರ ಪ್ರೇರಣೆಯಿಂದ ಬೆಳೆದವು. ಆದರೆ ಧಾರ್ಮಿಕ ಪುಸ್ತಕಗಳ ವಿಷಯದಲ್ಲಿ ಹಳೆಯ ತೊಡಕು ಬೇರೆ ರೂಪದಲ್ಲಿ ಮುಂದುವರಿಯಿತು. ಪೂಜೆಯ ಪುಸ್ತಕ ಸಂಸ್ಕೃತದಲ್ಲಿ, ಸ್ತುತಿ ಮರಾಠಿಯಲ್ಲಿ, ಪಾಠಶಾಲೆಯ ಪ್ರಶ್ನೋತ್ತರ ಹಿಂದಿಯಿಂದ ಬಂದ ಕನ್ನಡದಲ್ಲಿ ಎಂಬಂತಾಯಿತು. ದೊಡ್ಡವರಿಗೆ ಇದು ಸಂಪತ್ತು. ಓದಲು ತೊಡಗುವ ಮಗುವಿಗೆ ಇದೇ ಗೊಂದಲ.

ಮನೆಮಾತಿನಲ್ಲಿ ಓದು ಕಲಿತರೆ ಬೇರೆ ಭಾಷೆಗಳಿಗೆ ಹಿನ್ನಡೆಯಾಗುವುದೆಂದು ಅಂಜುವವರು ಈ ಜಿಲ್ಲೆಯ ಸದಲಗಾ ಎಂಬ ಒಂದೇ ಊರನ್ನು ನೋಡಿದರೆ ಸಾಕು. 1906ರಲ್ಲಿ ಅಲ್ಲಿ ಹುಟ್ಟಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು ಪ್ರಾಕೃತ ವಿದ್ವತ್ತಿನಲ್ಲಿ ಜಗತ್ತಿನ ಮನ್ನಣೆ ಪಡೆದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1946ರಲ್ಲಿ ಅದೇ ಊರಿನ ಮನೆತನದಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ವಿದ್ಯಾಧರ ಮುಂದೆ ಆಚಾರ್ಯ ವಿದ್ಯಾಸಾಗರ ಮುನಿಗಳಾಗಿ ಹಿಂದಿಯಲ್ಲಿ 'ಮೂಕಮಾಟಿ' ಮಹಾಕಾವ್ಯವನ್ನು ರಚಿಸಿದರು. 2024ರ ಫೆಬ್ರವರಿಯಲ್ಲಿ ಸಮಾಧಿಸ್ಥರಾಗುವವರೆಗೂ ದೇಶಭಾಷೆಯ ಶಿಕ್ಷಣದ ಪರವಾಗಿ ನಿಂತರು. ಕನ್ನಡದ ಓದು ಇವರಿಬ್ಬರಿಗೂ ಮುಂದಿನ ಭಾಷೆಗಳಿಗೆ ಮೆಟ್ಟಿಲಾಯಿತು.

ಪೂಜೆಗೊಂಡ ಗ್ರಂಥ, ಓದಿಗೆ ಬಂದ ಗ್ರಂಥ

ಶಾಸ್ತ್ರದಾನದ ಮಾತು ಬಂದಾಗ ಕನ್ನಡಿಗರು ಮೊದಲು ನೆನೆಯುವುದು ದಾನಚಿಂತಾಮಣಿ ಅತ್ತಿಮಬ್ಬೆಯನ್ನು. ಹತ್ತನೆಯ ಶತಮಾನದ ಕೊನೆಯಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಓಲೆಗೂ ಒಬ್ಬ ಲಿಪಿಕಾರನ ಬೆರಳಿನ ಶ್ರಮ ಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಅಸಾಮಾನ್ಯ ಸಾಹಸ. ಸಂಸ್ಕೃತ ಪ್ರಾಕೃತಗಳ ಗ್ರಂಥಗಳೂ ಇದ್ದಾಗ ಆಕೆ ಜನರ ನುಡಿಯಾದ ಕನ್ನಡದ ಕಾವ್ಯವನ್ನು ಆರಿಸಿಕೊಂಡಳು. ಪ್ರತಿಗಳನ್ನು ಒಂದು ಭಂಡಾರದಲ್ಲಿ ಕೂಡಿಡದೆ ಕೈಯಿಂದ ಕೈಗೆ ದಾಟಿಸಿದಳು. ಅತ್ತಿಮಬ್ಬೆಯ ದಾನದಲ್ಲಿ ಸಂಖ್ಯೆಯಷ್ಟೇ ಆಯ್ಕೆಯೂ ದೊಡ್ಡದು.

ಇದಕ್ಕೆ ಇದಿರಾಗಿ ನಿಲ್ಲುವ ಇನ್ನೊಂದು ಇತಿಹಾಸ ಮೂಡಬಿದಿರೆಯದು. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಮತ್ತು ಜಯಧವಲಾ ಗ್ರಂಥಗಳ ಹಳಗನ್ನಡ ಲಿಪಿಯ ತಾಡವೋಲೆಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಅವುಗಳನ್ನು ಕಾಪಾಡಿದ ಹಿರಿಯರ ಋಣವನ್ನು ಸಮಾಜ ಮರೆಯುವಂತಿಲ್ಲ. ಆದರೆ ಯಾತ್ರಿಕರಿಗೆ ಅವು ದರ್ಶನದ ವಸ್ತುಗಳಾಗಿದ್ದವೇ ಹೊರತು ಓದುವ ಗ್ರಂಥಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ನಡೆಯಿತು. ಪ್ರತಿಕಾರರಾದ ಗಜಪತಿ ಶಾಸ್ತ್ರಿಗಳ ಪತ್ನಿ ಲಕ್ಷ್ಮೀಬಾಯಿ ಮನೆಯಲ್ಲಿ ಕುಳಿತು ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಬರೆದರು. ಆ ಮೂಲಕವೇ ಗ್ರಂಥ ಮೊದಲು ಹೊರಗೆ ಬಂದದ್ದು. ಹಾಗೆ ಮರೆಯಲ್ಲಿ ಮಾಡಿದ ಪ್ರತಿಯನ್ನು ಪಡೆಯುವುದು ನ್ಯಾಯವೇ ಎಂಬ ಸಂಕೋಚ ಅಂದಿನ ಶ್ರೇಷ್ಠಿಗಳಲ್ಲಿಯೂ ಇತ್ತು. ಕಡೆಗೆ 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಆ ಕಾರ್ಯದಲ್ಲಿ ಸಹಕರಿಸಿದವರಲ್ಲಿ ಸದಲಗಾದ ಉಪಾಧ್ಯೆಯವರೂ ಒಬ್ಬರು. ಇದೇ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ಆ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸಲು ಪ್ರೇರಣೆ ನೀಡಿದರು.

ಅಚ್ಚಾದ ಮೇಲೆ ಗ್ರಂಥದ ಗೌರವ ಕುಗ್ಗಲಿಲ್ಲ. ಷಟ್ಖಂಡಾಗಮ ಪೂರ್ಣಗೊಂಡ ನೆನಪಿನ ಶ್ರುತಪಂಚಮಿಯಂದು ಅದರ ಪೂಜೆಯೂ ನಡೆಯುತ್ತದೆ, ಉಳಿದ ದಿನಗಳಲ್ಲಿ ಸ್ವಾಧ್ಯಾಯವೂ ನಡೆಯುತ್ತದೆ. ಮುಟ್ಟಲು ಬಿಟ್ಟರೆ ಭಕ್ತಿ ಕೆಡುವುದೆಂಬ ಅಂಜಿಕೆಗೆ ಇತಿಹಾಸ ಕೊಟ್ಟ ಉತ್ತರವಿದು. ದೊಡ್ಡವರ ಗ್ರಂಥಕ್ಕೆ ಸಂದ ಈ ಮಾತು ಮಗುವಿನ ಪುಸ್ತಕಕ್ಕೂ ಸಲ್ಲುತ್ತದೆ.

ಇಂದಿನ ಮನೆಪಾಠ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ಕ್ರಮ ಕರ್ನಾಟಕ ಕಾಣದ್ದಲ್ಲ. ಡಾ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳಿಗೆ ಎಳವೆಯ ಪಾಠವನ್ನು ಮನೆಯಲ್ಲಿಯೇ ಕಲಿಸಿದರು. ಕನ್ನಡ ಮಕ್ಕಳಿಗೆ ಓದಲು ತಕ್ಕ ಪುಸ್ತಕಗಳಿಲ್ಲವೆಂದು ಕಂಡು 'ಬಾಲಪ್ರಪಂಚ'ದ ಸಂಪುಟಗಳನ್ನು ತಾವೇ ಬರೆದರು. ಅವರಿಗೂ ಮೊದಲು ಮಂಗಳೂರಿನಲ್ಲಿ ಶಾಲಾ ಇಲಾಖೆಯಲ್ಲಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಪದ್ಯ, ಕಥೆಗಳನ್ನು ಬರೆದು ಆ ಕೊರತೆಯನ್ನು ತುಂಬಲು ತೊಡಗಿದ್ದರು.

ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. 6ರಿಂದ 14 ವರ್ಷದವರೆಗಿನ ಮಕ್ಕಳ ಪ್ರಾಥಮಿಕ ಶಿಕ್ಷಣದ ಬಗ್ಗೆ ತಾಯಿತಂದೆಯರಿಗೂ ಅದು ಕರ್ತವ್ಯ ವಿಧಿಸುತ್ತದೆ. ಮನೆಯಲ್ಲಿ ಕಲಿತ ಮಕ್ಕಳು ಮುಂದೆ ಪರೀಕ್ಷೆಗೆ ಕುಳಿತುಕೊಳ್ಳಲು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಇದೆ. ಶಾಲೆಗೆ ಕಳುಹಿಸುವವರಿಗೂ ಮೊದಲ ಅಕ್ಷರ, ಮೊದಲ ಪುಸ್ತಕ ಮನೆಯಲ್ಲಿಯೇ ಆಗುವುದರಿಂದ, ಪುಸ್ತಕದ ಆಯ್ಕೆಯ ಮಟ್ಟಿಗೆ ಎಲ್ಲ ಮನೆಗಳೂ ಪಾಠಶಾಲೆಗಳೇ.

ಆಯ್ಕೆಯ ಕ್ರಮ

ಮೊದಲು ನೋಡಬೇಕಾದದ್ದು ಮಗು ಓದಬಲ್ಲ ಅಕ್ಷರಗಳನ್ನು. ಕನ್ನಡದಲ್ಲಿ ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಂದು ಮೂರು ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಲ್ಲಿ ನಿಂತ ಮಗುವಿಗೆ ಮೂರನೆಯ ಮೆಟ್ಟಿಲಿನ ಪುಸ್ತಕ ಕೊಟ್ಟರೆ ಅದು ಓದುವುದಿಲ್ಲ, ಊಹಿಸುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು 'ರ, ಗ, ಸ, ದ, ಅ' ಎಂಬ ಬರೆಯಲು ಸುಲಭವಾದ ಅಕ್ಷರಗಳಿಂದ ತೊಡಗಿತು. ಐದೇ ಅಕ್ಷರ ಕಲಿತ ಮಗು 'ಅರಸ', 'ಸರ', 'ಗರಗಸ' ಎಂದು ಅರ್ಥವುಳ್ಳ ಪದಗಳನ್ನು ಓದುತ್ತದೆ. ಮುಂದಿನ ಗುಂಪಿನ 'ಜ, ವ, ಮ, ಬ, ನ' ಬಂದಾಗ 'ವನ', 'ಮನ', 'ಜನ' ಸೇರುತ್ತವೆ. ಆ 'ಜನ'ದ ಜಕಾರಕ್ಕೆ ಒಂದು ಗುಡಿಸು ಕೊಟ್ಟರೆ 'ಜಿನ' ಆಗುತ್ತದೆ. ಜನರ ನಡುವಿನಿಂದಲೇ ಜಿನನಾಗುವನೆಂದು ತಾಯಿ ಅಲ್ಲಿಯೇ ಒಂದು ಮಾತು ಸೇರಿಸಬಹುದು.

ಧರ್ಮದ ಪದಗಳಲ್ಲಿ ಒತ್ತಕ್ಷರ ಹೆಚ್ಚು. 'ಸಮ್ಯಗ್ದರ್ಶನ', 'ಶ್ರುತಸ್ಕಂಧ' ಎಂಬಂಥ ಪದಗಳಿಂದ ತುಂಬಿದ ಪುಸ್ತಕ ಎಳೆಯ ಓದುಗನನ್ನು ಹೆದರಿಸುತ್ತದೆ. ಹಾಗೆಂದು ಧರ್ಮವನ್ನು ದೂರ ಇಡಬೇಕಾಗಿಲ್ಲ. 24 ತೀರ್ಥಂಕರರ ಹೆಸರುಗಳಲ್ಲಿ ವೃಷಭ, ಅಜಿತ, ಸಂಭವ, ಅಭಿನಂದನ, ಸುಮತಿ, ಶೀತಲ, ವಿಮಲ, ಅನಂತ, ಶಾಂತಿ, ಕುಂಥು, ಅರ, ನಮಿ, ನೇಮಿ, ಮಹಾವೀರ ಎಂಬ 14 ಹೆಸರುಗಳಲ್ಲಿ ಒತ್ತಕ್ಷರವೇ ಇಲ್ಲ. ಉಳಿದ 10 ಹೆಸರುಗಳನ್ನು ಒತ್ತಕ್ಷರ ಕಲಿಸುವ ಕಾಲಕ್ಕೆ ಇಟ್ಟುಕೊಳ್ಳಬಹುದು. 'ಮಲ್ಲಿ'ಯಂಥ ಸಜಾತಿಯ ಒತ್ತು ಮೊದಲು, 'ಪದ್ಮಪ್ರಭ'ದಂಥ ವಿಜಾತಿಯ ಒತ್ತು ಬಳಿಕ, 'ಧರ್ಮ'ದ ಅರ್ಕಾವೊತ್ತು ಕೊನೆಗೆ ಎಂದು ಕ್ರಮವಿಟ್ಟರೆ ನಾಮಾವಳಿಯೇ ಒಂದು ಪಾಠಕ್ರಮವಾಗುತ್ತದೆ.

ಚಿತ್ರಗಳಿಗೂ ಮನೆಯಿಂದ ಬಹುದೂರ ಹೋಗಬೇಕಾಗಿಲ್ಲ. ಬಸದಿಯ ಬಿಂಬಗಳ ಪೀಠದಲ್ಲಿರುವ ಲಾಂಛನಗಳನ್ನು ಮಗು ಹೆತ್ತವರ ಹೆಗಲ ಮೇಲಿದ್ದಾಗಿನಿಂದ ನೋಡಿರುತ್ತದೆ. ಅಜಿತನಾಥನ ಆನೆ, ಸಂಭವನಾಥನ ಕುದುರೆ, ಅಭಿನಂದನನ ಕೋತಿ, ಕುಂಥುನಾಥನ ಆಡು, ಅರನಾಥನ ಮೀನು, ಮುನಿಸುವ್ರತನ ಆಮೆ, ನೇಮಿನಾಥನ ಶಂಖ, ಪಾರ್ಶ್ವನಾಥನ ಹಾವು, ಮಹಾವೀರನ ಸಿಂಹ. ಇಲ್ಲಿಯ ಪ್ರಾಣಿಗಳ ಹೆಸರುಗಳೆಲ್ಲ ಒತ್ತಿಲ್ಲದ ಕನ್ನಡ ಪದಗಳು. ಬಿಂಬದ ಮುಂದೆ ಕಂಡದ್ದನ್ನೇ ಪುಟದ ಮೇಲೆ ಕಂಡಾಗ ಮಗುವಿಗೆ ಅಕ್ಷರ ಅಪರಿಚಿತವಾಗುವುದಿಲ್ಲ. ಬೇಟೆಯ ಚಿತ್ರದಿಂದ ಪ್ರಾಣಿಯನ್ನು ಪರಿಚಯಿಸುವ ಪುಸ್ತಕಕ್ಕಿಂತ, ತೀರ್ಥಂಕರನ ಪಾದದ ಬಳಿ ನಿರ್ಭಯವಾಗಿ ಕುಳಿತ ಪ್ರಾಣಿಯನ್ನು ಪರಿಚಯಿಸುವ ಪುಸ್ತಕ ಅಹಿಂಸೆಯ ಪಾಠವನ್ನು ಉಪದೇಶವಿಲ್ಲದೆ ಕೊಡುತ್ತದೆ.

ಬಾಯಿಪಾಠವನ್ನು ಓದೆಂದು ಭ್ರಮಿಸಬಾರದು. ಣಮೋಕಾರ ಮಂತ್ರವನ್ನು ಅರಳು ಹುರಿದಂತೆ ಹೇಳುವ ಮಗು ಅದೇ ಪುಟದ ನಡುವಿನ ಒಂದು ಪದವನ್ನು ಬೆರಳಿಟ್ಟು ತೋರಿಸಿದರೆ ತಡವರಿಸಬಹುದು. ಅದು ತಪ್ಪಲ್ಲ, ಕಿವಿಯ ಕಲಿಕೆ ಮುಗಿದು ಕಣ್ಣಿನ ಕಲಿಕೆ ಆರಂಭವಾಗಬೇಕಾದ ಹೊತ್ತು ಎಂಬ ಸೂಚನೆ. ಕಂಠಸ್ಥವಾದದ್ದನ್ನೇ ದಪ್ಪ ಅಕ್ಷರದಲ್ಲಿ ಬರೆದು, ಪದಪದಕ್ಕೂ ಬೆರಳಿಟ್ಟು ಓದಿಸಿದರೆ ಹಳೆಯ ಓನಾಮ ಪದ್ಧತಿಯ ದೋಷ ಕಳೆದು ಅದರ ಗುಣ ಉಳಿಯುತ್ತದೆ.

ಕಥೆಗಳ ಆಯ್ಕೆಯಲ್ಲಿ ವಯಸ್ಸಿನ ವಿವೇಕ ಬೇಕು. ವಿವಾಹದ ದಿನ ಕಟ್ಟಿಹಾಕಿದ ಪ್ರಾಣಿಗಳ ಮೊರೆ ಕೇಳಿ ಹಿಂದಿರುಗಿದ ನೇಮಿಕುಮಾರನ ಕಥೆ, ಉರಿಯುವ ಕಟ್ಟಿಗೆಯೊಳಗಿನ ಹಾವುಗಳಿಗೆ ಮರುಗಿದ ಪಾರ್ಶ್ವಕುಮಾರನ ಕಥೆ, ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟ ಬಾಹುಬಲಿಯ ಕಥೆ ಐದಾರು ವರ್ಷದವರಿಗೆ ತಿಳಿಯುತ್ತವೆ. ವಡ್ಡಾರಾಧನೆಯ ಕಥೆಗಳೂ ಜನ್ನನ ಯಶೋಧರ ಚರಿತೆಯೂ ಜೈನ ಸಾಹಿತ್ಯದ ಆಭರಣಗಳಾದರೂ ಅವುಗಳ ಕಾಲ ಬೇರೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಹಿಂಸೆಯೇ ಎಂಬ ಯಶೋಧರನ ಕಥೆಯ ತಿರುಳು ಭಾವಹಿಂಸೆಯ ವಿಚಾರ. ಅದನ್ನು ಗ್ರಹಿಸಲು ಹತ್ತು ಹನ್ನೆರಡರ ಬುದ್ಧಿ ಬೇಕು. ನರಕದ ಯಾತನೆಗಳ ವರ್ಣಚಿತ್ರಗಳನ್ನು ಎಳೆಯರಿಗೆ ತೋರಿಸಿ ಧರ್ಮ ಕಲಿಸುವ ರೂಢಿಯನ್ನು ಮನೆಗಳು ಮರುವಿಚಾರ ಮಾಡಬೇಕು. ರಾತ್ರಿ ನಿದ್ದೆಯಲ್ಲಿ ಬೆಚ್ಚುವ ಮಗುವಿನ ವಿಷಯದಲ್ಲಿಯೂ ಅಹಿಂಸೆಯ ವ್ರತ ಅನ್ವಯಿಸುತ್ತದೆ.

ಧರ್ಮದ ಪುಸ್ತಕಗಳಷ್ಟೇ ಸಾಕೆಂಬುದೂ ಸರಿಯಲ್ಲ. ವೃಷಭದೇವನು ಪ್ರಜೆಗಳಿಗೆ ಕೃಷಿ, ವಾಣಿಜ್ಯ, ಶಿಲ್ಪಾದಿ ಷಟ್ಕರ್ಮಗಳನ್ನು ಕಲಿಸಿದವನು. ಕಬ್ಬಿನ ಗದ್ದೆ, ಕಾಲುವೆ, ಸಂತೆಯ ತಕ್ಕಡಿ, ಮಳೆ, ಹಕ್ಕಿಗಳ ವಿಷಯದ ಪುಸ್ತಕಗಳು ನಾಗನೂರದ ಮಗುವಿಗೆ ತನ್ನ ಊರನ್ನೇ ಓದಿದಂತೆ ಆಗುತ್ತವೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಕನ್ನಡದಲ್ಲಿಯೂ ಓದಿನ ಮಟ್ಟವನ್ನು ನಾಲ್ಕಾಗಿ ವಿಂಗಡಿಸಿ ಚಿತ್ರಪುಸ್ತಕಗಳನ್ನು ಪ್ರಕಟಿಸಿದೆ. ಇಂಥ ಪುಸ್ತಕವನ್ನು ಮಗುವಿಗೆ ಕೊಡುವ ಮೊದಲು ತಾಯಿಯೋ ತಂದೆಯೋ ಒಮ್ಮೆ ಪೂರ್ತಿ ಓದಿರಬೇಕು. ಆಹಾರದ ವಿಷಯದಲ್ಲಿ ಬೇರೆ ಮನೆಯವರ ರೂಢಿ ಪುಸ್ತಕದಲ್ಲಿ ಕಂಡರೆ ಆ ಪುಟವನ್ನು ಹರಿಯಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹೀಗೆ, ಇದಕ್ಕೆ ಇಂಥ ಕಾರಣ ಎಂದು ದ್ವೇಷವಿಲ್ಲದೆ ಹೇಳಿದರೆ ಅದೂ ಒಂದು ಪಾಠ.

ವಿಶ್ವಸ್ತ ಮಂಡಳಿಗಳ ಹೊಣೆ

ಪಂಚಕಲ್ಯಾಣ, ವಿಧಾನಗಳ ನೆನಪಿಗೆ ಪುಸ್ತಕ ಅಚ್ಚು ಹಾಕಿಸಿ ಹಂಚುವ ಪದ್ಧತಿ ಸಮಾಜದಲ್ಲಿ ಚೆನ್ನಾಗಿ ಬೇರೂರಿದೆ. ಅವುಗಳಲ್ಲಿ ಪೂಜಾಸಂಗ್ರಹ, ಸ್ತೋತ್ರಸಂಗ್ರಹಗಳದೇ ಸಿಂಹಪಾಲು. ಅದೇ ವೆಚ್ಚದ ಒಂದು ಭಾಗದಲ್ಲಿ, ಪುಟಕ್ಕೆ ಒಂದು ಚಿತ್ರ, ಒಂದೆರಡು ಸಣ್ಣ ವಾಕ್ಯಗಳಿರುವ ದಪ್ಪ ಅಕ್ಷರದ ಕನ್ನಡ ಪುಸ್ತಕವನ್ನು ತರಬಹುದು. ಬಸದಿಯ ಜಗಲಿಯಲ್ಲಿ ಮಕ್ಕಳ ಎಟುಕಿನ ಎತ್ತರಕ್ಕೆ ಒಂದು ಕಪಾಟು ಇರಿಸಿ, ಪುಸ್ತಕಗಳನ್ನು ಮನೆಗೆ ಒಯ್ಯಲು ಬಿಡಬಹುದು. ಅವು ಹರಿಯುತ್ತವೆ, ಕೊಳೆಯಾಗುತ್ತವೆ, ಕೆಲವು ಹಿಂದಿರುಗುವುದಿಲ್ಲ. ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ವಿಶ್ವಸ್ತರ ಕೆಲಸ. ಮೂಲ ಶಾಸ್ತ್ರಗ್ರಂಥ ಮಾಡದಲ್ಲಿ ಗೌರವದಿಂದಿರಲಿ. ಅದನ್ನು ಮುಂದೊಮ್ಮೆ ಬಿಚ್ಚಿ ಓದಬಲ್ಲವರು ಈ ಕೆಳಗಿನ ಕಪಾಟಿನಿಂದಲೇ ಬರಬೇಕು. ಹರಿದ ಪುಟವನ್ನು ಅಂಟಿಸಲು ಮಗುವಿಗೇ ಕಲಿಸಿದರೆ ಶ್ರುತವಿನಯ ಅಲ್ಲಿಂದಲೇ ಆರಂಭವಾಗುತ್ತದೆ.

ಜ್ಯೇಷ್ಠ ಶುದ್ಧ ಪಂಚಮಿಯಂದು ಬಸದಿಗಳಲ್ಲಿ ಶ್ರುತಸ್ಕಂಧದ ಪೂಜೆ ನಡೆಯುತ್ತದೆ. ಆ ದಿನ ಐದು ವರ್ಷ ತುಂಬಿದ ಮಕ್ಕಳಿಗೆ ಲಿಪಿಸಂಖ್ಯಾನ ಕ್ರಿಯೆ ಮಾಡಿಸಿ, ಒಬ್ಬೊಬ್ಬರಿಗೂ ತಾವೇ ಓದಬಲ್ಲ ಒಂದೊಂದು ಕನ್ನಡ ಪುಸ್ತಕವನ್ನು ಕೈಗಿತ್ತು ಕಳುಹಿಸುವುದು ಬಸದಿಗಳಿಗೆ ಭಾರವಾಗದು. ಮನೆಗೆ ಮರಳಿದ ಮೇಲೆ ತಾಯಿಯೋ ತಂದೆಯೋ ಆ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಮೊದಲ ಪುಟ ಓದಿಸಲಿ. ಆದಿದೇವನು ಬ್ರಾಹ್ಮಿ, ಸುಂದರಿಯರಿಗೆ ಮಾಡಿದ್ದೂ ಅದನ್ನೇ.